ಓ ಗ್ರೂಪಿನ ಬೆನಕಪ್ಪ

ಗುಳ್ಳೇನಕೆರೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಬೆನಕಪ್ಪನಿಗೆ ಬಂದ ಕಷ್ಟಕ್ಕೆಲ್ಲ ಮೂಲ ಒಂದೇ ಒಂದು ಅಕ್ಷರ. ಹಿಂದಿನ ವರ್ಷ ಮಾವನ ಆಪರೇಶನ್ನಿಗೆ ರಕ್ತ ಬೇಕೆಂದು ಅವನು ಪೇಟೆಯ ದೊಡ್ಡ ಆಸ್ಪತ್ರೆಗೆ ಹೋಗಿದ್ದ. ನರ್ಸಮ್ಮ ಬೆರಳು ಚುಚ್ಚಿ, ಹನಿಯನ್ನು ಗಾಜಿನ ಮೇಲೆ ಕದಡಿ, ಬೆಳಕಿಗೆ ಹಿಡಿದು "ಓ..." ಎಂದಳು. ಆಮೇಲೆ, "ನಿಮ್ದು ಬೇಡ, ನೀವು ಹೋಗ್ರಿ" ಎಂದಳು. ಸೂಜಿ ಕಂಡರೆ ಕಟ್ಟಿಹಾಕಿದ ಕರುವಿನಂತೆ ಕಣ್ಣು ಬಿಡುವ ಬೆನಕಪ್ಪ ಮರುಮಾತು ಕೇಳದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಊರಿಗೆ ಬಂದವನು ಜೋಳ ಬೀಸಿಸಲು ಬಂದವರಿಗೆಲ್ಲ, "ನಂದು ಓ ಗ್ರೂಪು. ಯಾರಿಗೆ ಬೇಕಾದ್ರೂ ಕೊಡಬಹುದಂತೆ" ಎಂದು ಹೇಳಿದ. ಒಂದು ತೊಟ್ಟೂ ಕೊಡದೆ ದಾನಿ ಎನಿಸಿಕೊಂಡ. ಊರಲ್ಲಿ ಅವನ ಹೆಸರೇ ಓ ಬೆನಕಪ್ಪ ಎಂದಾಯಿತು.

ಎಂಬತ್ತೊಂದರ ಬೇಸಿಗೆಯಲ್ಲಿ ನಾಲೆಯ ನೀರು ನಿಂತಿತು. ಜನ ಕೆರೆಯ ತಳದ ನೀರು ಕುಡಿದರು. ವಾಂತಿಭೇದಿ ಶುರುವಾಯಿತು. ಮೇಲಿನಕೇರಿಯಲ್ಲಿ ಇಬ್ಬರು ಹೋದರು. ಆಗ ದಾವಣಗೆರೆ ಕಡೆಯಿಂದ ಒಬ್ಬ ಎಳೆಯ ಡಾಕ್ಟರು ಜೀಪಿನಲ್ಲಿ ಬಂದು ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ಚಾವಡಿಯಲ್ಲಿ ಜನರನ್ನು ಕೂಡಿಸಿ ಮಾತಾಡಿದರು.

"ಇದು ಕಾಲರಾ. ಓ ಗ್ರೂಪಿನ ರಕ್ತದವರಿಗೆ ಬಂದರೆ ಜೋರಾಗಿ ಬರುತ್ತೆ ಅಂತ ಕಂಡುಕೊಂಡಿದ್ದಾರೆ. ಯಾಕೆ ಅಂತ ಇನ್ನೂ ಗೊತ್ತಿಲ್ಲ. ಆದರೆ ಗ್ರೂಪು ಯಾವುದೇ ಇರಲಿ, ನೀರು ಕಾಯಿಸಿ ಕುಡಿದರೆ ಯಾರಿಗೂ ಭಯ ಇಲ್ಲ. ನಾಳೆ ಸಾಮಾನು ತಂದು ಎಲ್ಲರ ರಕ್ತ ನೋಡ್ತೀನಿ."

ಡಾಕ್ಟರ ಮಾತು ಮುಗಿಯುವ ಮೊದಲೇ ಚಾವಡಿಯಲ್ಲಿದ್ದ ಅಷ್ಟೂ ಮುಖಗಳು ಬೆನಕಪ್ಪನ ಕಡೆ ತಿರುಗಿದ್ದವು. ಅವನ ಪಕ್ಕ ಕೂತಿದ್ದವರು ಕೂತಲ್ಲಿಂದಲೇ ಒಂದು ಮೊಳ ಆಚೆ ಜರುಗಿದರು. ನೀರು ಕಾಯಿಸುವ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮಾರನೆಯ ಬೆಳಿಗ್ಗೆ ಬೆನಕಪ್ಪ ಗಿರಣಿಯ ಬಾಗಿಲು ತೆಗೆದ. ಬೀಸಿಸಲು ಒಬ್ಬರೂ ಬರಲಿಲ್ಲ. ಬೀದಿಯಲ್ಲಿ ಮಾತಿನ ಸದ್ದಿರಲಿಲ್ಲ. ಒಂದೊಂದು ಹೊಸ್ತಿಲ ಮುಂದೂ ರಂಗೋಲಿಯ ಬದಲು ಬ್ಲೀಚಿಂಗ್ ಪುಡಿಯ ಬಿಳಿ ಗೆರೆ. ಗುಡಿಯ ಗಂಟೆಯ ನಾಲಿಗೆಗೆ ಯಾರೋ ಬಟ್ಟೆ ಸುತ್ತಿದ್ದರು. ಸದಾ ಗಿರಣಿಯ ಮುಂದೆ ಬಿದ್ದಿರುತ್ತಿದ್ದ ನಾಯಿ ಅವನನ್ನೊಮ್ಮೆ ನೋಡಿ, ಎದ್ದು, ಎದುರು ಜಗಲಿಯ ಕೆಳಗೆ ಹೋಗಿ ಮಲಗಿತು.

ಕೊನೆಗೆ ಪಕ್ಕದ ಮನೆಯ ಸಾವಂತ್ರಮ್ಮ ಬಂದಳು. ಕೈಯಲ್ಲಿ ಜೋಳವಿರಲಿಲ್ಲ. ದೂರದಲ್ಲೇ ನಿಂತು ಸೆರಗನ್ನು ಮೂಗಿಗೆ ಹಿಡಿದಳು.

"ರಾತ್ರಿ ನಿದ್ದೆ ಬಂತಾ ಬೆನಕಪ್ಪಾ?"

"ಬಂತು ದೊಡ್ಡವ್ವ. ಯಾಕೆ?"

"ಏನಿಲ್ಲಪ್ಪ. ನೀನು ಹೆಂಗೂ ಹೋಗೋನು. ಅಲ್ಲಿ ನಮ್ಮನೆಯೋರು ಸಿಕ್ಕರೆ, ಕರೇ ಹಸ ಮಾರಿದೆ ಅಂತ ಹೇಳು. ಅವರಿಗೆ ಅದರ ಮೇಲೆ ಭಾಳ ಪ್ರೀತಿ ಇತ್ತು. ಕೇಳಿದ್ರೆ ಹಾಲು ಕೊಡೋದು ಬಿಟ್ಟಿತ್ತು ಅನ್ನು. ಬಿಟ್ಟಿರಲಿಲ್ಲ, ಆದರೂ ಹಂಗೇ ಅನ್ನು."

ಬೆನಕಪ್ಪನಿಗೆ ಬೆನ್ನ ಮೇಲೆ ಹುಳ ಹರಿದಂತಾಯಿತು. "ನಂಗೇನೂ ಆಗಿಲ್ಲ ದೊಡ್ಡವ್ವ" ಎಂದ.

"ಆಗಿಲ್ಲ ಅಂತಾನೇ ಈಗ ಹೇಳಾಕೆ ಬಂದೆ. ಆದ ಮೇಲೆ ನಿಂಗೆ ನೆನಪಿರಬೇಕಲ್ಲ" ಎಂದು ಸಾವಂತ್ರಮ್ಮ ಕಣ್ಣೊರೆಸಿಕೊಂಡು ಹೋದಳು.

ಅವಳು ಹೋದದ್ದೇ ಎದುರು ಮನೆಯ ಷಣ್ಮುಖಪ್ಪ ಕಿಟಕಿಯಿಂದ ಕೂಗಿದ. "ಬೆನಕಪ್ಪಾ, ಆ ನಿನ್ನ ರೇಡಿಯೋ ಬ್ಯಾಟರೀದಾ, ಕರೆಂಟಿಂದಾ?"

"ಬ್ಯಾಟರೀದು. ಯಾಕೆ?"

"ಏನಿಲ್ಲ. ಪಾಪ, ನಿನ್ನ ಹೆಂಡ್ತಿ ನಿರ್ಮಲಮ್ಮಾರು ಒಬ್ರೇ ಕೂತು ಎಷ್ಟೂಂತ ರೇಡಿಯೋ ಕೇಳ್ತಾರೆ ಅಂತ" ಎಂದು ಷಣ್ಮುಖಪ್ಪ ಕಿಟಕಿ ಮುಚ್ಚಿಕೊಂಡ.

ಆ ಹೊತ್ತಿಗೆ ಬೆನಕಪ್ಪನ ಹೊಟ್ಟೆಯೊಳಗೆ ಏನೋ ಗುಡುಗುಡು ಎಂದಿತು. ಬೆಳಗಿನಿಂದ ಏನೂ ತಿಂದಿರಲಿಲ್ಲವಾದ್ದರಿಂದ ಅದು ಹಸಿವೇ ಇದ್ದೀತು. ಅವನಿಗೆ ಮಾತ್ರ ಒಳಗೆ ಯಾರೋ ಗಾಡಿ ಹೂಡುತ್ತಿದ್ದಾರೆ ಎನ್ನಿಸಿತು. ನರ್ಸಮ್ಮ ಗ್ರೂಪು ಅಂತ ಅಂದಿರಲಿಲ್ಲ, ನಾನು ಓ ಅಲ್ಲದೆಯೂ ಇರಬಹುದು ಎಂದು ಬೀದಿಗಿಳಿದು ಸಾರಿಬಿಡೋಣವೆಂದುಕೊಂಡ. ಒಂದು ವರ್ಷ ಹೇಳಿಕೊಂಡು ತಿರುಗಿದ ಮೇಲೆ ಈಗ ಹಾಗೆನ್ನುವುದು ಹೇಗೆ ಎಂದು ನಾಚಿಕೆಯಾಯಿತು.

ಹೊತ್ತೇರುತ್ತಿದ್ದಂತೆ ಪಟೇಲ ಮಹೇಶ್ವರಪ್ಪನೇ ಗಿರಣಿಗೆ ಬಂದ. ಹಿಂದೆ ನಾಲ್ಕಾರು ಹಿರಿಯರು. ಅವರ ನಡುವೆ ಒಂದು ದೊಡ್ಡ ಬಿದಿರ ಬುಟ್ಟಿ. ಬುಟ್ಟಿಯಲ್ಲಿ ಬೇವಿನ ಸೊಪ್ಪು, ಹಸಿರು ಬಳೆ, ಸವೆದ ಪೊರಕೆ, ಹರಿದ ಮೊರ, ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ. ನೋಡಿದ ಕೂಡಲೇ ಬೆನಕಪ್ಪನಿಗೆ ತಿಳಿಯಿತು. ಊರಿಗೆ ಬೇನೆ ಬಂದಾಗ ಅಮ್ಮನನ್ನು ಹೀಗೆ ಬುಟ್ಟಿಯಲ್ಲಿ ಕೂಡಿಸಿ ನಡುಮಧ್ಯಾಹ್ನ ಗಡಿ ದಾಟಿಸುವುದು ಹಳೆಯ ಪದ್ಧತಿ. ಹೊತ್ತವನು ಮಾತಾಡಬಾರದು, ಯಾರು ಕರೆದರೂ ತಿರುಗಿ ನೋಡಬಾರದು. ಹೊತ್ತವನ ಮೈಗೆ ಅಮ್ಮ ಅಂಟಿಕೊಳ್ಳುತ್ತಾಳೆ ಎಂಬ ನಂಬಿಕೆಯೂ ಇತ್ತು.

"ಚಿಕ್ಕಹನುಮಂತಪ್ಪ ಹೊರಾಕಿಲ್ಲ ಅಂತಾನೆ" ಎಂದ ಪಟೇಲ.

ಚಿಕ್ಕಹನುಮಂತಪ್ಪ ಹೊರಗೆ ಸೈಕಲ್ ಹಿಡಿದುಕೊಂಡು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಈಗ ಅವನು ನ್ಯಾಮತಿಯಲ್ಲಿ ಜವಾನನಾಗಿ ಕೆಲಸ ಮಾಡುತ್ತಿದ್ದ. "ನಮ್ಮಜ್ಜ ಹೊತ್ತ, ನಮ್ಮಪ್ಪ ಹೊತ್ತ" ಎಂದ ಅವನು, ದನಿಯೇರಿಸದೆ. "ನಮ್ಮಪ್ಪ ಹೊತ್ತು ಬಂದ ವಾರಕ್ಕೆ ಸತ್ತ. ನೀವ್ಯಾರೂ ಮಣ್ಣಿಗೂ ಬರಲಿಲ್ಲ. ನಾನು ಹೊರಲ್ಲ ಗೌಡ್ರೆ. ಇನ್ನ ನಮ್ಮ ಕೇರೀಲಿ ಯಾರೂ ಹೊರಲ್ಲ." ಇಷ್ಟು ಹೇಳಿ ಸೈಕಲ್ಲಿನ ಪೆಡಲ್ ಮೇಲೆ ಕಾಲಿಟ್ಟ.

ಪಟೇಲ ಬೆನಕಪ್ಪನ ಹೆಗಲ ಮೇಲೆ ಕೈ ಇಡಲು ಹೋಗಿ, ನೆನಪಾಗಿ, ಹಿಂದಕ್ಕೆಳೆದುಕೊಂಡ. "ನೋಡು ಬೆನಕಪ್ಪಾ. ನಿಂದು ಓ. ಹೊತ್ರೂ ನಿಂಗೆ ಬರುತ್ತೆ, ಹೊರದಿದ್ರೂ ಬರುತ್ತೆ. ಹೊತ್ತರೆ ಊರಾದ್ರೂ ಉಳಿಯುತ್ತೆ."

ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಬೆನಕಪ್ಪ ಹುಡುಕಿದ. ಸಿಗುವಷ್ಟರಲ್ಲಿ ಬುಟ್ಟಿ ಅವನ ತಲೆಯ ಮೇಲಿತ್ತು.

ಸೂರ್ಯ ನೆತ್ತಿಗೆ ಬಂದಿದ್ದ. ಬೆನಕಪ್ಪ ಬೀದಿಯಲ್ಲಿ ಹೆಜ್ಜೆ ಇಟ್ಟಂತೆ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತ ಹೋಯಿತು. ಅಗಳಿ ಬೀಳುವ ಸದ್ದು ಅವನ ಜೊತೆಜೊತೆಗೇ ಬಂದಂತಿತ್ತು. ಊರು ದಾಟಿದ ಮೇಲೆ ಅದೂ ನಿಂತಿತು. ಗಾಳಿ ಇರಲಿಲ್ಲ. ಆದರೂ ತಲೆಯ ಮೇಲೆ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ನಾನು ನಡೆಯುವುದಕ್ಕೆ ಅಲುಗುತ್ತಿವೆ ಎಂದುಕೊಂಡು ಅವನು ನಿಂತ. ನಿಂತ ಮೇಲೂ ಬಳೆಗಳು ಒಂದು ಗಳಿಗೆ ಸದ್ದು ಮಾಡಿ ಆಮೇಲೆ ಸುಮ್ಮನಾದವು.

ಹಿಂದಿನಿಂದ ಕಾಲಿನ ಸಪ್ಪಳ ಕೇಳಿಸಿತು. "ಏನ್ರೀ" ಎಂದು ಹೆಂಗಸಿನ ದನಿ.

ಬೆನಕಪ್ಪ ಮತ್ತೆ ಹೆಜ್ಜೆ ಹಾಕಿದ. ತಿರುಗಲಿಲ್ಲ.

"ಏನ್ರೀ, ನಿಲ್ರೀ."

ಹೆಂಡತಿ ನಿರ್ಮಲಮ್ಮನ ದನಿಯೇ. ಆದರೆ ಅಮ್ಮ ಬೇಕಾದವರ ದನಿಯಲ್ಲೇ ಕರೆಯುತ್ತಾಳೆ ಎಂದು ಅವನು ಚಿಕ್ಕಂದಿನಿಂದ ಕೇಳಿದ್ದ. ಬುಟ್ಟಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಜೋರಾಗಿ ನಡೆದ. ಸಪ್ಪಳವೂ ಜೋರಾಯಿತು. ಇವನು ಓಡಿದ. ಅದೂ ಓಡಿತು. ಸ್ವಲ್ಪ ದೂರ ಹಾಗೇ ಬಂದು, ಏದುಸಿರು ಬಿಟ್ಟು, "ಚಪ್ಪಲಿ ತಂದಿದ್ನಲ್ರೀ, ಕಾಲು ಸುಡ್ತಾವೆ" ಎಂದು ಅಳುವ ದನಿಯಲ್ಲಿ ಹೇಳಿ ನಿಂತುಬಿಟ್ಟಿತು. ಅಂಗಾಲು ಕೆಂಡದ ಮೇಲಿದ್ದಂತಿದ್ದರೂ ಬೆನಕಪ್ಪ ತಿರುಗಲಿಲ್ಲ.

ಗುಳ್ಳೇನಕೆರೆಗೂ ಆಚೆಯ ಹಳೇಮಲ್ಲಾಪುರಕ್ಕೂ ನಡುವೆ ಒಂದು ಒಣ ಹಳ್ಳ. ಹಳ್ಳದ ಈ ದಡದಲ್ಲಿ ನಿಂತು ಕಣ್ಣೆತ್ತಿದ ಬೆನಕಪ್ಪ ನಿಂತಲ್ಲೇ ಕಲ್ಲಾದ.

ಆ ದಡದ ಬಿಸಿಲ ಝಳದಲ್ಲಿ ಒಂದು ಆಕೃತಿ ಅಲುಗಾಡುತ್ತಿತ್ತು. ಬಿಚ್ಚಿದ ಬಿಳಿಗೂದಲು. ಮುಖಕ್ಕೆಲ್ಲ ಅರಿಶಿನ. ತಲೆಯ ಮೇಲೆ ಬುಟ್ಟಿ. ಅದರಿಂದ ಇಳಿಬಿದ್ದ ಬೇವಿನ ಸೊಪ್ಪು ಕಣ್ಣು ಮುಚ್ಚಿತ್ತು. ತಾನು ಹೊತ್ತುಕೊಂಡು ಬಂದ ಅಮ್ಮ ತನಗಿಂತ ಮೊದಲೇ ಬಂದು ಎದುರು ನಿಂತಿದ್ದಾಳೆ ಎಂದು ಬೆನಕಪ್ಪನಿಗೆ ಖಾತ್ರಿಯಾಯಿತು. ಮೊಣಕಾಲು ಮಡಿಚಿ ಕೂತ.

ಆ ದಡದ ಆಕೃತಿಯೂ ದೊಪ್ಪನೆ ಕೂತಿತು.

"ಅವ್ವಾ" ಎಂದಿತು ನಡುಗುವ ದನಿಯಲ್ಲಿ, "ಗಂಡಸಿನ ರೂಪದಾಗೆ ಬಂದೀಯಾ? ನಾನೇನೂ ತಪ್ಪು ಮಾಡಿಲ್ಲ ತಾಯಿ. ಊರೋರು ಹೊರಿಸಿದ್ರು, ಹೊತ್ತೆ."

ಬೆನಕಪ್ಪನಿಗೆ ಉಸಿರು ಬಂದದ್ದು ಆಗ. "ನಾನು ಗುಳ್ಳೇನಕೆರೆ ಗಿರಣಿ ಬೆನಕಪ್ಪ. ನೀನ್ಯಾರಜ್ಜಿ?"

"ಉಡಚಮ್ಮ ಅಂತಾರಪ್ಪ" ಎಂದು ಮುದುಕಿ ಸೊಪ್ಪು ಸರಿಸಿ ದಿಟ್ಟಿಸಿದಳು. "ಗಿರಣಿಯೋನಾ? ಮತ್ತೆ ನೀನ್ಯಾಕೆ ಹೊತ್ತೆ?"

"ನಂದು ಓ ಗ್ರೂಪು. ಹೆಂಗಿದ್ರೂ ಬರುತ್ತೆ ಅಂತ ಹೊರಿಸಿದ್ರು. ನಿಂದ್ಯಾವ ಗ್ರೂಪು?"

"ನಂದು ಯಾವ ಗ್ರೂಪೂ ಇಲ್ಲ ಮಗಾ. ಹಿಂದಿಲ್ಲ, ಮುಂದಿಲ್ಲ. ಸತ್ರೆ ಅಳೋರಿಲ್ಲ ಅಂತ ನನ್ನ ಕಳಿಸಿದ್ರು."

ಇವನು ತನ್ನ ಬುಟ್ಟಿಯನ್ನು ಆಚೆ ಇಟ್ಟರೆ ಮುದುಕಿಯ ಊರಿಗೆ ಬೇನೆ. ಅವಳು ಈಚೆ ಇಟ್ಟರೆ ಇವನ ಊರಿಗೆ. ಕೊನೆಗೆ ಇಬ್ಬರೂ ಹಳ್ಳಕ್ಕಿಳಿದು ನಡುವೆ, ಯಾವ ಊರಿಗೂ ಸೇರದ ಮರಳಿನ ಮೇಲೆ, ಎರಡೂ ಬುಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟರು. "ಅಕ್ಕ ತಂಗೀರು ಮಾತಾಡ್ಕಂಡಿರಲಿ" ಎಂದಳು ಉಡಚಮ್ಮ. ಮೊಸರನ್ನದ ಗಂಟಿನ ಮೇಲೆ ಬೆನಕಪ್ಪನ ಕಣ್ಣು ಬಿದ್ದದ್ದು ಕಂಡು, "ಅದನ್ನ ಮುಟ್ಟಬ್ಯಾಡ" ಎಂದು ಗದರಿದಳು. ಅವಳು ದಡ ಹತ್ತುವಾಗ ಬೆನಕಪ್ಪ ಕೈ ಕೊಟ್ಟ. ಆ ದಿನ ಅವನನ್ನು ಮುಟ್ಟಿದ ಮೊದಲ ಜೀವ ಅವಳೇ.

ದಾರಿಯ ಬಾವಿಯಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು ಬೆನಕಪ್ಪ ಊರಿಗೆ ಮರಳಿದ. ಒಂದು ಬಾಗಿಲೂ ತೆರೆಯಲಿಲ್ಲ. ಬಾಗಿಲ ಸಂದಿಗಳಲ್ಲಿ ಕಣ್ಣುಗಳು ಮಾತ್ರ ಮಿನುಗಿದವು. ಅವನದೇ ಮನೆಯೂ ಅಗಳಿ ಹಾಕಿತ್ತು.

"ನಿರ್ಮಲಾ, ನಾನು ಕಣೇ."

ಒಳಗೆ ಪಿಸುಮಾತಾಯಿತು. ಸಾವಂತ್ರಮ್ಮ ಒಳಗೇ ಇದ್ದಳೆಂದು ಕಾಣುತ್ತದೆ. ಆಮೇಲೆ ಹೆಂಡತಿಯ ದನಿ ಬಂತು. "ನಾನು ಕರೆದ್ರೆ ತಿರುಗಿ ನೋಡ್ಲಿಲ್ಲ. ನೀವೇ ಹೌದೋ ಅಲ್ಲೋ ಹೆಂಗೆ ನಂಬೋದು? ನೀವೇ ಆದ್ರೆ, ನಮ್ಮಪ್ಪನಿಗೆ ಎಷ್ಟು ರಕ್ತ ಕೊಟ್ರಿ ಹೇಳ್ರಿ."

ಬೆನಕಪ್ಪ ಬಾಗಿಲಿಗೆ ಹಣೆ ಹಚ್ಚಿ ನಿಂತ. "ಒಂದು ತೊಟ್ಟೂ ಕೊಡಲಿಲ್ಲ ಕಣೇ. ನಂದು ಬೇಡ ಅಂದ್ರು" ಎಂದ.

"ಅವರೇ" ಎಂದಳು ನಿರ್ಮಲಮ್ಮ, ಅಗಳಿ ತೆಗೆಯುತ್ತ.

ಅಷ್ಟರಲ್ಲಿ ಡಾಕ್ಟರ ಜೀಪು ಬಂತು. ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ಬಡಿಸಿ ಜನರನ್ನು ಚಾವಡಿಗೆ ಕರೆಸಿದರು. ಊರೆಲ್ಲ ಓ ಬೆನಕಪ್ಪನನ್ನೇ ಮುಂದೆ ತಳ್ಳಿತು. ಡಾಕ್ಟರು ಬಿಳಿ ಬಿಲ್ಲೆಯ ಮೇಲೆ ಎರಡು ಹನಿ ಔಷಧಿ ಹಾಕಿ ಅವನ ರಕ್ತ ಕದಡಿದರು. ನೋಡನೋಡುತ್ತಿದ್ದಂತೆ ಎರಡೂ ಹನಿ ಒಡೆದ ಹಾಲಿನಂತೆ ತರಿತರಿಯಾದವು.

"ಇವರು ಓ ಅಂತ ಯಾರು ಹೇಳಿದ್ದು?" ಎಂದರು ಡಾಕ್ಟರು. "ಇದು ಎಬಿ. ಕಾಲರಾ ಎಲ್ಲರಿಗಿಂತ ಕಡಿಮೆ ಕಾಡೋದು ಇವರನ್ನೇ. ಬರೋದೇ ಇಲ್ಲ ಅಂತಲ್ಲ, ಇವರೂ ನೀರು ಕಾಯಿಸಿಯೇ ಕುಡೀಬೇಕು."

ಬೆನಕಪ್ಪನ ಕಣ್ಣಲ್ಲಿ ನೀರು ಬಂತು. ಬೆಳಗಿನಿಂದ ಸತ್ತಿದ್ದವನು ಮತ್ತೆ ಹುಟ್ಟಿದಂತಾಯಿತು. ಸಾವಂತ್ರಮ್ಮ ಮಾತ್ರ ಮುಖ ಸಣ್ಣದು ಮಾಡಿದಳು. ಹಸುವಿನ ಸುದ್ದಿ ಹೇಳಿ ಕಳಿಸಲು ಇನ್ಯಾರನ್ನು ಹುಡುಕುವುದು?

ಮುಂದಿನ ಬೆರಳು ಪಟೇಲನದು. ಎರಡು ಹನಿಯೂ ಕುಂಕುಮದ ನೀರಿನಂತೆ ಹಾಗೇ ನಿಂತವು. ಡಾಕ್ಟರು ಬಿಲ್ಲೆಯನ್ನು ಅಲುಗಿಸಿ ನೋಡಿದರು. "ಓ" ಎಂದರು.

ಪಟೇಲನ ಅಕ್ಕಪಕ್ಕದವರು ಮೆಲ್ಲಗೆ ಜರುಗಿದರು. ಅದೇ ಹೊತ್ತಿಗೆ ಹೊಲದಿಂದ ಬಂದ ಷಣ್ಮುಖಪ್ಪ ಬಾಗಿಲಲ್ಲೇ ನಿಂತು ಹೇಳಿದ. "ಗೌಡ್ರೆ, ಅಮ್ಮ ಗಡಿ ದಾಟಿಲ್ಲ. ಹಳ್ಳದಾಗೇ ಕೂತವಳೆ. ಒಬ್ಬಳಲ್ಲ, ಇಬ್ಬರು. ನಾಳೆ ಮತ್ತೆ ಹೊರಬೇಕು."

ಎಲ್ಲರೂ ಪಟೇಲನನ್ನು ನೋಡಿದರು. ಕೆಲಸ ಮುಗಿಸಿ ಬಂದು ಚಾವಡಿಯ ಕಂಬಕ್ಕೆ ಒರಗಿದ್ದ ಚಿಕ್ಕಹನುಮಂತಪ್ಪ ಕೇಳಿದ. "ಹೊತ್ರೂ ಬರುತ್ತೆ, ಹೊರದಿದ್ರೂ ಬರುತ್ತೆ. ಹಂಗಲ್ವಾ ಗೌಡ್ರೆ?"

ಪಟೇಲ ಬೆವರು ಒರೆಸಿಕೊಂಡ. ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡ. ಬೇಕಾದಷ್ಟು ಹೊತ್ತು ತೆಗೆದುಕೊಂಡು ಮಾತಾಡಿದ.

"ಅದೇ ನಾವು ಮಾಡಿದ ತಪ್ಪು. ಸಾಯೋನಿಗೆ ಹೊರಿಸಿದ್ರೆ ಅವನು ಅರ್ಧ ದಾರೀಲೇ ಬಿದ್ದರೆ? ಅಮ್ಮ ಇಳಿದು ವಾಪಸ್ ಬರ್ತಾಳೆ. ಹೊರೋನು ಗಟ್ಟಿ ಇರಬೇಕು. ಅಮ್ಮ ಮುಟ್ಟದಂಥೋನು ಇರಬೇಕು. ನಮ್ಮ ಪುಣ್ಯ, ಡಾಕ್ಟ್ರು ಅಂಥೋನ್ನ ತೋರಿಸಿಕೊಟ್ರು." ಬೆನಕಪ್ಪನ ಕಡೆ ತಿರುಗಿ, ಈ ಸಲ ಹೆಗಲ ಮೇಲೆ ಧೈರ್ಯವಾಗಿ ಕೈ ಇಟ್ಟ. "ನಾಳೆ ಎರಡೂ ಬುಟ್ಟಿ ನೀನೇ ಹೊರು. ನಿಂಗೇನು ಭಯ?"

"ಬರೋದೇ ಇಲ್ಲ ಅಂತಲ್ಲ ಅಂದ್ರಲ್ರೀ ಡಾಕ್ಟ್ರು" ಎಂದ ಬೆನಕಪ್ಪ. ಆ ಮಾತು ಯಾರಿಗೂ ಕೇಳಿಸಿರಲಿಲ್ಲ. ಡಾಕ್ಟರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ಸುದ್ದಿಯನ್ನು ಜೀಪಿನ ಡ್ರೈವರ್ ಹೊನ್ನಾಳಿಯಿಂದ ಚನ್ನಗಿರಿವರೆಗೆ ಚಹಾದಂಗಡಿಗಳಲ್ಲೆಲ್ಲ ಇಳಿಸಿ ಹೋದ. ಮರುದಿನ ನಡುಮಧ್ಯಾಹ್ನ ಬೆನಕಪ್ಪ ಬುಟ್ಟಿ ಹೊರಲು ಹಳ್ಳದ ದಾರಿ ಹಿಡಿಯುವಾಗ, ಚನ್ನಗಿರಿ ಕಡೆಯವರು ಇಬ್ಬರು ಬಸ್ಸಿಳಿದು ಗಿರಣಿಯ ಮುಂದೆ ನಿಂತಿದ್ದರು. ಅವರು ಬೀಸಿಸಲು ಜೋಳ ತಂದಿರಲಿಲ್ಲ, ಖಾಲಿ ಬಿದಿರ ಬುಟ್ಟಿ ತಂದಿದ್ದರು.

"ಎಬಿ ಬೆನಕಪ್ಪಾರು ಅಂದ್ರೆ ಇವರೇ ಏನ್ರೀ?" ಎಂದು ಒಬ್ಬ ಷಣ್ಮುಖಪ್ಪನನ್ನು ಕೇಳಿದ.

"ಇವರೇ" ಎಂದ ಷಣ್ಮುಖಪ್ಪ. "ಇವತ್ತಿಂದು ಮುಗಿದಿಲ್ಲ. ಪಾಳಿ ಐತೆ, ಕೂತ್ಕೊಳ್ರಿ."