ನೀರಿನ ಟ್ಯಾಂಕಿನೊಳಗೆ ಸರ್ಫ್ ಗಿಟಾರ್

ಈ ಭಾನುವಾರ ನಮ್ಮ ಬೀದಿಗೆ ಸಮುದ್ರವನ್ನೇ ತಂದು ನಿಲ್ಲಿಸುತ್ತೇನೆಂದು ನಾನು ಪ್ರತಿಜ್ಞೆ ಮಾಡಿದೆ. ಗಾಬರಿಯಾಗಬೇಡಿ, ಗಿಟಾರಿನಿಂದ!

ನಮ್ಮದು ಸರ್ಫ್ ಗಿಟಾರ್ ಬ್ಯಾಂಡು. ಹಾಡಿಲ್ಲ, ಮಾತಿಲ್ಲ, ತಂತಿಯಲ್ಲೇ ಕಡಲ ಅಲೆ ಎಬ್ಬಿಸುವ ಸಂಗೀತ. ವಿಮಾ ಕಚೇರಿಯ ಗುಮಾಸ್ತನಾದ ನಾನು ಮುಖ್ಯ ಗಿಟಾರ್, ಹಲ್ಲಿನ ಡಾಕ್ಟರು ಬೇಸ್ ಗಿಟಾರ್, ಡ್ರಮ್ಸಿಗೆ ನನ್ನ ಬಾಮೈದ. ಮೂವರಲ್ಲಿ ಒಬ್ಬರಿಗೂ ಈಜು ಬರುವುದಿಲ್ಲ, ಹಾಡಲೂ ಬರುವುದಿಲ್ಲ. ಬ್ಯಾಂಡು ಹುಟ್ಟಿದ್ದೇ ಆ ಎರಡನೆಯ ಕಾರಣಕ್ಕೆ. ಅಭ್ಯಾಸ ನಮ್ಮ ಮನೆಯ ಗ್ಯಾರೇಜಿನಲ್ಲಿ. ಹೆಂಡತಿಯ ಕಾರು ಬೀದಿಯಲ್ಲಿ ಬಿಸಿಲು ಕಾಯುತ್ತಿತ್ತು.

ಎದುರುಮನೆಯ ನರ್ಸಮ್ಮನಿಗೆ ರಾತ್ರಿ ಪಾಳಿ. ಹಗಲು ಮಲಗಬೇಕಾದ ಆಕೆ ಒಂದು ದಿನ ಕೆಂಗಣ್ಣಿನಲ್ಲಿ ಬಂದು ನನ್ನ ಹೆಂಡತಿಯ ಮುಂದೆ ಅತ್ತೇಬಿಟ್ಟರು.

"ಭಾನುವಾರ ಬೀದಿಯವರನ್ನೆಲ್ಲ ಕರೀತೀನಿ, ನುಡಿಸಿ," ಅಂದಳು ಹೆಂಡತಿ. "ನರ್ಸಮ್ಮ ಒಪ್ಪಿದ್ರೆ ಗ್ಯಾರೇಜು ನಿಮಗೆ. ಇಲ್ಲಾಂದ್ರೆ ನನ್ನ ಕಾರಿಗೆ."

"ಒಪ್ಪೋದೇನು, ತಲೆದೂಗ್ತಾರೆ."

"ತಲೆ ಹಿಡ್ಕೊಳ್ತಾರೆ."

ಗ್ಯಾರೇಜು ಹೋದರೆ ಬ್ಯಾಂಡು ಮುಗಿದಂತೆ. ಡಾಕ್ಟರ ಮನೆ ತುಂಬ ರೋಗಿಗಳು, ಬಾಮೈದನ ಮನೆಯಲ್ಲಿ ಅವನ ಅತ್ತೆ. ಮೇಲೆ ಜಂಬ ಕೊಚ್ಚಿದರೂ ಒಳಗೆ ನನಗೆ ನಿಜಕ್ಕೂ ಭಯವಾಗಿತ್ತು.

ಸರ್ಫ್ ಸಂಗೀತದ ಪ್ರಾಣವೆಂದರೆ ಗುಂಯ್‌ಗುಡುವ ಪ್ರತಿಧ್ವನಿ. ಅದನ್ನು ಕೊಡುವ ಯಂತ್ರ ನಮ್ಮಲ್ಲಿರಲಿಲ್ಲ. ಮಹಡಿಯ ಮೇಲೆ ನೀರಿನ ಟ್ಯಾಂಕು ಇತ್ತಲ್ಲ! ಭಾನುವಾರ ಬೆಳಿಗ್ಗೆಯೇ ಅದನ್ನು ಖಾಲಿ ಮಾಡಿ, ಒರೆಸಿ, ಬಾಮೈದನ ಸ್ಪೀಕರನ್ನೂ ಒಂದು ಮೈಕನ್ನೂ ಒಳಗಿಳಿಸಿದೆ. ನನ್ನ ಗಿಟಾರಿನ ಸದ್ದು ಟ್ಯಾಂಕಿಗೆ ಹೋಗಿ, ಅಲ್ಲಿ ಗುಂಯ್‌ಗುಟ್ಟಿ, ಮೈಕಿನ ಮೂಲಕ ಗ್ಯಾರೇಜಿಗೆ ಇಳಿದು ಬರಬೇಕು. ಟ್ಯಾಂಕು ತೊಳೆದದ್ದಕ್ಕೆ ಹೆಂಡತಿ ಹೊಗಳಿದಳು ಕೂಡ. ಯಾಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೀದಿಯವರು ಬಂದು ಕುರ್ಚಿಗಳಲ್ಲಿ ಕೂತರು. ಮುಂದಿನ ಸಾಲಿನಲ್ಲಿ ನರ್ಸಮ್ಮ, ಕಿವಿಗೆ ಹತ್ತಿ ಇಟ್ಟುಕೊಂಡೇ ಬಂದಿದ್ದರು. ಶುರುಮಾಡಿದೆವು. ಆಹಾ, ಏನು ಆ ಪ್ರತಿಧ್ವನಿ! ಅದೇ ಹೊತ್ತಿಗೆ ಬಂದವರಿಗೆ ಕಾಫಿ ಮಾಡಲು ಒಳಗೆ ಹೋದ ಹೆಂಡತಿ ನಲ್ಲಿ ತಿರುಗಿಸಿದ್ದಾಳೆ. ನೀರಿಲ್ಲ. ಯಾರೇ ಆದರೂ ಮಾಡುವಂತೆ ಮೋಟರ್ ಹಾಕಿದ್ದಾಳೆ.

ಗಿಟಾರಿನ ಹಿಂದೆ ಭೋರ್ ಎಂಬ ಸದ್ದೆದ್ದಿತು. ಆಮೇಲೆ ಗುಳುಗುಳು.

"ಏನ್ ಸಾರ್ ಇದು, ಸಾಕ್ಷಾತ್ ಸಮುದ್ರ," ಎಂದರು ಡಾಕ್ಟರು.

"ಎಲ್ಲಾ ಬೆರಳಲ್ಲಿದೆ ಡಾಕ್ಟ್ರೇ," ಎಂದೆ ನಾನು.

ಟಪ್! ಇಡೀ ಮನೆಯ ಕರೆಂಟು ಹೋಯಿತು.

ಮೊದಲು ಹೊಳೆದದ್ದು ಬಾಮೈದನಿಗೆ. "ಭಾವಾ, ನನ್ನ ಸ್ಪೀಕರು," ಎನ್ನುತ್ತ ಡ್ರಮ್ಸ್ ಬಿಟ್ಟು ಮಹಡಿಗೆ ಓಡಿದ. ಇದ್ದಷ್ಟು ಮಾನವನ್ನಾದರೂ ಉಳಿಸಿಕೊಳ್ಳಬೇಕಲ್ಲ! ನಾನೂ ಡಾಕ್ಟರೂ ಏನೂ ಆಗಿಲ್ಲವೆಂಬಂತೆ ಕಣ್ಣು ಮುಚ್ಚಿ, ತಲೆಯಾಡಿಸುತ್ತ, ಕರೆಂಟಿಲ್ಲದ ಗಿಟಾರುಗಳ ಮೇಲೆ ಬೆರಳಾಡಿಸಿ ಉಳಿದದ್ದನ್ನೆಲ್ಲ ನುಡಿಸಿ ಮುಗಿಸಿದೆವು. ಸೊಳ್ಳೆ ಗುಂಯ್ ಎಂದಷ್ಟೂ ಸದ್ದು ಬರಲಿಲ್ಲ.

ಕಣ್ಣು ತೆರೆದರೆ ಚಪ್ಪಾಳೆ! ನರ್ಸಮ್ಮನ ಕಿವಿಯ ಹತ್ತಿ ಮಡಿಲಿಗೆ ಬಂದಿತ್ತು.

"ಆ ಕೊನೇದು ಎಷ್ಟು ಹಿತವಾಗಿತ್ತು ಅಂದ್ರೆ, ಕೂತಲ್ಲೇ ಜೊಂಪು ಹತ್ತಿತು," ಎಂದರು ಆಕೆ. "ಅದನ್ನ ದಿನಾ ನುಡಿಸಿ. ನನ್ನ ತಕರಾರೇನೂ ಇಲ್ಲ."

ಗೆದ್ದ ಠೀವಿಯಲ್ಲಿ ಹೆಂಡತಿಯತ್ತ ತಿರುಗಿದೆ.

"ಕೊಟ್ಟ ಮಾತು ಕೊಟ್ಟದ್ದೇ. ಗ್ಯಾರೇಜು ನಿಮಗೆ," ಎಂದಳು. ಆಮೇಲೆ ಗೋಡೆಗೆ ಸಿಕ್ಕಿಸಿದ್ದ, ನಮ್ಮ ಗಿಟಾರುಗಳಿಗೆ ಕರೆಂಟು ಕೊಡುವ ವೈರನ್ನು ಕಿತ್ತು, ನೀಟಾಗಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. "ಇದು ಮಾತ್ರ ನನ್ನ ಹತ್ರ ಇರ್ಲಿ."