ಹಡಗಿನ ಅಡುಗೆಮನೆಗೆ ದೊಡ್ಡವ್ವನ ಟಿಕೆಟ್ಟು

ನಮ್ಮ ದೊಡ್ಡವ್ವ ದೊಡ್ಡ ಹಡಗು ಹತ್ತಿ ಮುಂಬಯಿಯಿಂದ ಲಕ್ಷದ್ವೀಪದ ತನಕ ಹೋಗಿ ಬಂದಿದ್ದಾಳೆ. ಆದರೆ ಸಮುದ್ರ ಹೇಗಿತ್ತು ಎಂದು ಮಾತ್ರ ದಯವಿಟ್ಟು ಅವಳನ್ನು ಕೇಳಬೇಡಿ. ಅವಳು ನೋಡಿಲ್ಲ! ಎತ್ತ ತಿರುಗಿದರೂ ಸಮುದ್ರವೇ ಇರುವಾಗ ಅದೊಂದನ್ನೇ ನೋಡದೆ ವಾಪಸ್ ಬರುವುದು ನಿಮ್ಮಿಂದ ನನ್ನಿಂದ ಆಗುವ ಕೆಲಸವೇ? ದೊಡ್ಡವ್ವ ಮಾಡಿ ತೋರಿಸಿದಳು. ಅವಳು ನೋಡಿದ್ದು ಹಡಗಿನ ಅಡುಗೆಮನೆಯನ್ನು. ಅದೂ ಪುಕ್ಕಟೆಯಲ್ಲ, ಬೇರೆ ಟಿಕೆಟ್ ತೆಗೆಸಿ!

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಊರು ಕುರುಗೋಡು. ಅವಳದೊಂದು ಹಟವಿದೆ: ಒಲೆ ನೋಡದ ಕಡೆ ಅವಳು ಒಂದು ತುತ್ತೂ ಬಾಯಿಗಿಡುವುದಿಲ್ಲ. ಮೊದಲು ಅಡುಗೆಮನೆಯ ದರ್ಶನ, ಆಮೇಲೆ ಊಟ. ಮಡಿವಂತಿಕೆಯೋ, ಸ್ವಚ್ಛತೆಯ ಹುಚ್ಚೋ, ಪರರ ಮನೆ ಇಣುಕುವ ಚಪಲವೋ! ಮೂರೂ ಸಮಪ್ರಮಾಣದಲ್ಲಿ ಕಲಸಿದೆ ಎಂದೇ ನಾನು ಬಹಳ ವರ್ಷ ನಂಬಿದ್ದೆ.

ಒಮ್ಮೆ ಬಳ್ಳಾರಿಯಲ್ಲಿ ಅವಳನ್ನು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನಿಸಲು ಹೋಟೆಲಿಗೆ ಕರೆದೊಯ್ದೆ. ನಾನು ಕುರ್ಚಿ ಎಳೆದು ತಿರುಗಿ ನೋಡಿದರೆ ದೊಡ್ಡವ್ವ ನಾಪತ್ತೆ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಬಾಗಿಲಿನಿಂದ ಒಳಗೆ ನುಗ್ಗಿಯಾಗಿತ್ತು. ಮಾಲೀಕ ಅವಳ ನಡಿಗೆಯ ಗತ್ತು ನೋಡಿ, ಇದು ಯಾವುದೋ ಆಫೀಸಿನ ತಪಾಸಣೆ ಎಂದೇ ಹೆದರಿ, ಕೆಲಸದವರಿಗೆಲ್ಲ ಟೊಪ್ಪಿ ಹಾಕಿಸಿ, ಎಣ್ಣೆ ಬದಲಿಸಿ, ಕೈ ಮುಗಿದು ನಿಂತುಬಿಟ್ಟ. ಬಿಲ್ಲನ್ನೂ ತೆಗೆದುಕೊಳ್ಳಲಿಲ್ಲ. ಈಗಲೂ ನಾನು ಅಲ್ಲಿಗೆ ಹೋದರೆ ಆತ ಬಾಗಿಲ ಕಡೆ ಕಣ್ಣಿಟ್ಟು, "ಮೇಡಮ್ಮೋರು ಬಂದಿಲ್ಲಲ್ರಿ?" ಎಂದು ಮೆಲ್ಲಗೆ ಕೇಳುತ್ತಾನೆ.

ಸಿರುಗುಪ್ಪದಲ್ಲಿ ನಮ್ಮ ಸಂಬಂಧಿಕರ ಮದುವೆ. ಅಕ್ಷತೆ ಬಿದ್ದಾಗ ದೊಡ್ಡವ್ವ ಮಂಟಪದಲ್ಲಿಲ್ಲ. ಫೋಟೋಕ್ಕೆ ನಿಂತಾಗಲೂ ಇಲ್ಲ. ಆ ಮದುವೆಯ ವಿಡಿಯೋದಲ್ಲಿ ಅವಳು ಕಾಣಿಸುವುದು ಒಂದೇ ಒಂದು ಕಡೆ, ಹಿತ್ತಲ ಶಾಮಿಯಾನಾದಲ್ಲಿ, ಸಾರಿನ ಹಂಡೆಯ ಪಕ್ಕ, ಸೌಟು ಹಿಡಿದು! ಊರಿಗೆ ಮರಳಿದ ಮೇಲೆ ಅವ್ವ ಆಸೆಯಿಂದ ಕೇಳಿದಳು:

"ಹುಡುಗಿ ಹೆಂಗದಾಳಕ್ಕಾ?"

"ಸಾರು ಭಾಳ ಚಲೋ ಇತ್ತು ನೋಡು."

ಇನ್ನು ತನ್ನ ಮಗಳಿಗೆ ಗಂಡು ನೋಡಲು ಹಚ್ಚೊಳ್ಳಿಗೆ ಹೋದಾಗ? ನಾವೆಲ್ಲ ಗಂಡನ್ನು ನೋಡಿದೆವು, ಅವಳು ಅಡುಗೆಮನೆಯನ್ನು ನೋಡಿದಳು. ಹುಡುಗ ಏನು ಓದಿದ್ದಾನೆ, ಹೊಲ ಎಷ್ಟಿದೆ, ಒಂದನ್ನೂ ಕೇಳಲಿಲ್ಲ. ಹೊರಗೆ ಬಂದು ತೀರ್ಪು ಕೊಟ್ಟಳು: "ಹೊಗಿ ಹೋಗಾಕ ಕಿಟಕಿ ಐತಿ. ಹುಡುಗಿ ಕೊಡಬಹುದು!" ಕೊಟ್ಟೂ ಕೊಟ್ಟರು. ಮಗಳು ಸುಖವಾಗಿದ್ದಾಳೆ. ಎಷ್ಟು ಸುಖವೆಂದರೆ, ಅಪ್ಪ ಅವ್ವನಿಗೆ ಹಡಗಿನ ಪ್ರವಾಸದ ಟಿಕೆಟ್ಟು ತೆಗೆಸಿ, ಕಾವಲಿಗೆ ನನ್ನನ್ನೂ ಜೊತೆಗೆ ಕಳಿಸಿದಳು. "ಅವ್ವನ್ನ ನೆಟ್ಟಗ ಕರಕೊಂಡು ಬಾ" ಎಂಬ ಹುಕುಂ ಬೇರೆ!

ನೆಟ್ಟಗೆ ಎಲ್ಲಿಂದ ಕರೆತರುವುದು! ಮುಂಬಯಿ ಬಂದರಿನಲ್ಲೇ ಎಡವಟ್ಟು ಶುರು. ದೊಡ್ಡವ್ವ ಗಂಟು ತುಂಬ ಕಟಕು ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ತಂದಿದ್ದಳು. ಮನೆಯ ಅಡುಗೆ ಹಡಗಿನೊಳಗೆ ಬರುವಂತಿಲ್ಲ ಎಂದು ತಪಾಸಣೆಯವರು ಅಷ್ಟನ್ನೂ ತೆಗೆದಿಟ್ಟುಕೊಂಡರು. "ಹೊಟ್ಟಿಗೆ ತಂದ ರೊಟ್ಟಿ ಕಸಗೊಂಡ್ರಲ್ಲೋ! ಇವರ ಮನ್ಯಾಗ ಅವ್ವ ಅಕ್ಕ ಯಾರೂ ಇಲ್ಲೇನು?" ಎಂದು ದೊಡ್ಡವ್ವ ಕೂಗಿದ್ದಕ್ಕೆ ಹಿಂದಿನ ಸಾಲಿನ ಗುಜರಾತಿ ಹೆಂಗಸರೂ ದನಿಗೂಡಿಸಿದರು. ಅವರ ಮೆಂತ್ಯದ ರೊಟ್ಟಿ, ಥೇಪ್ಲಾ ಕೂಡ ಹೋಗಿತ್ತು.

ಹಡಗೇನು ಹಡಗು! ನಮ್ಮ ಕುರುಗೋಡಿನ ಪೇಟೆಯನ್ನೇ ಅಂತಸ್ತು ಅಂತಸ್ತಾಗಿ ಪೇರಿಸಿಟ್ಟಂತಿತ್ತು. ಊಟ ಟಿಕೆಟ್ಟಿನಲ್ಲೇ ಸೇರಿತ್ತು, ಬೇಕಾದ್ದು ಬೇಕಾದಷ್ಟು. ದೊಡ್ಡಪ್ಪ ತನಗೊಬ್ಬನಿಗೇ ಎರಡು ತಟ್ಟೆ ಹಿಡಿದು ಓಡಾಡಿದ. ದೊಡ್ಡವ್ವ? ಒಲೆ ಕಾಣಿಸಲಿಲ್ಲವಾಗಿ ಬರೀ ಬಾಳೆಹಣ್ಣು! "ಇದರ ಅಡಗಿಯವ ದೇವ್ರು. ಅವನ್ನ ನೋಡೋದು ಬ್ಯಾಡ" ಎಂದು ಸಮಜಾಯಿಷಿ ಬೇರೆ. ಮರುದಿನವೂ ಅದೇ. ನಾನು ಬೇಡಿಕೊಂಡೆ, ಬೈದೆ, ಮಗಳಿಗೆ ಹೇಳುತ್ತೇನೆಂದು ಹೆದರಿಸಿದೆ. ಊಹೂಂ. ಸಂಜೆ ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದುಕೊಂಡಾಗ ನಾನು ಓಡಿ ಹೋಗಿ ಅವಳನ್ನು ಕೂರಿಸಿದೆ. ನಡುನೀರಿನಲ್ಲಿ ಇವಳಿಗೆ ಏನಾದರೂ ಆದರೆ ಯಾರನ್ನು ಕೇಳುವುದು?

ಆಗ ಕಣ್ಣಿಗೆ ಬಿತ್ತು ಆ ಫಲಕ. ಹಡಗಿನ ಒಳಭಾಗ ತೋರಿಸುತ್ತಾರಂತೆ! ಬಟ್ಟೆ ಒಗೆಯುವ ಕೋಣೆ, ಎಂಜಿನ್ ನಿಯಂತ್ರಿಸುವ ಕೋಣೆ, ಅಡುಗೆಮನೆ! ನಾನು ಕುಣಿದಾಡಿದೆ. ದರ ನೋಡಿ ಕುಣಿತ ನಿಲ್ಲಿಸಿದೆ. ಕುರುಗೋಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟ ದೊಡ್ಡಪ್ಪನಂತೂ ಕೆಂಡವಾದ.

"ಅಡಗಿಮನಿ ನೋಡಾಕ ರೊಕ್ಕನಾ? ಊಟ ಪುಕ್ಕಟೆ, ಒಲಿ ನೋಡಿದ್ರ ದುಡ್ಡು! ಯಾವೂರ ನ್ಯಾಯಲೇ ಇದು? ನಮ್ಮನ್ಯಾಗ ಅಡಗಿಮನಿ ಇಲ್ಲೇನು?"

"ಅದನ್ನರ ನೀವು ಯಾವಾಗ ನೋಡೀರಿ?" ಎಂದಳು ದೊಡ್ಡವ್ವ.

ದೊಡ್ಡಪ್ಪ ಕೆಮ್ಮಿದ. ನಾನು ಹಲ್ಲು ಕಚ್ಚಿಕೊಂಡು ಎರಡು ಟಿಕೆಟ್ ತೆಗೆಸಿದೆ. ಪೂರ್ತಿ ಮುಚ್ಚುವ ಬೂಟು ಕಡ್ಡಾಯ ಎಂದರು. ದೊಡ್ಡವ್ವನ ಬಳಿ ಎಲ್ಲಿಯ ಬೂಟು! ದೊಡ್ಡಪ್ಪನದನ್ನೇ ಬಿಚ್ಚಿಸಿ ಹಾಕಿಕೊಂಡಳು. ಇಳಕಲ್ ಸೀರೆ, ಕೆಳಗೆ ಗಂಡಸರ ಬೂಟು, ತಲೆಗೆ ಅವರು ಕೊಟ್ಟ ಪ್ಲಾಸ್ಟಿಕ್ ಟೊಪ್ಪಿ! ದೊಡ್ಡಪ್ಪ ಬರಿಗಾಲಲ್ಲಿ ಡೆಕ್ಕಿನ ಮೇಲೆ ಉಳಿದ.

ಸಮವಸ್ತ್ರದ ಹುಡುಗಿಯೊಬ್ಬಳು ನಮ್ಮನ್ನು ಕರೆದುಕೊಂಡು ಹೊರಟಳು. ರಾಶಿ ರಾಶಿ ಚಾದರ ಒಗೆಯುವ ಯಂತ್ರಗಳ ಮುಂದೆ ನಾನು ಬಾಯಿ ತೆರೆದು ನಿಂತೆ. ದೊಡ್ಡವ್ವ ನನ್ನ ತೋಳು ಜಗ್ಗಿದಳು. ಎಂಜಿನ್ ಕೋಣೆಯ ನೂರಾರು ದೀಪಗಳನ್ನು ನೋಡಿ ಅವಳು ಕೇಳಿದ್ದು ಒಂದೇ: "ಇಷ್ಟೆಲ್ಲ ಐತಿ, ದೃಷ್ಟಿಗೆ ನಿಂಬಿಹಣ್ಣು ಎಲ್ಲಿ ಕಟ್ಯಾರ?"

ಕೊನೆಗೆ ಅಡುಗೆಮನೆ. ಅಬ್ಬಬ್ಬಾ! ಎಲ್ಲಿ ನೋಡಿದರೂ ಫಳಫಳ ಸ್ಟೀಲು, ಆಳೆತ್ತರದ ಒಲೆಗಳು, ಬಿಳಿ ಟೊಪ್ಪಿಯವರ ದಂಡು. ಇನ್ನು ಇವಳು ಪಾತ್ರೆಯ ತಳ ತಡವಿ ನಮ್ಮ ಮರ್ಯಾದೆ ತೆಗೆಯುತ್ತಾಳೆ ಎಂದು ನಾನು ಕಾದೆ. ಅವಳು ಯಾವ ಪಾತ್ರೆಯನ್ನೂ ಮುಟ್ಟಲಿಲ್ಲ. ಹಿಟ್ಟು ನಾದುತ್ತಿದ್ದ, ಮೀಸೆ ನರೆತ ಒಬ್ಬ ಅಡುಗೆಯವನ ಮುಂದೆ ಹೋಗಿ ನಿಂತು ಕೇಳಿದಳು: "ಉಂಡೇನಪ್ಪಾ?"

ಆತನಿಗೆ ತಿಳಿಯಲಿಲ್ಲ. ನಮ್ಮ ಕಡೆಯವರಿಗೆ ತೆಲುಗೇನು ಹೊಸದೇ? ತಕ್ಷಣ ಭಾಷೆ ಬದಲಿಸಿದಳು: "ತಿನ್ನಾವಾ ನಾಯನಾ?"

ಅವನ ಕೈ ಹಿಟ್ಟಿನಲ್ಲೇ ನಿಂತಿತು. ಗಡಿಯಾಚೆಯ ಆದವಾನಿ ಕಡೆಯವನಂತೆ! "ಇಂಕಾ ಲೇದಮ್ಮಾ" ಎಂದ. ಇನ್ನೂ ಇಲ್ಲಮ್ಮ, ಎಲ್ಲರದೂ ಆದ ಮೇಲೆ ಎಂದು ನಗಲು ಹೋದವನು ನಗಲಾಗದೆ ಮುಖ ತಿರುಗಿಸಿ ತೋಳಿನಿಂದ ಕಣ್ಣು ಒರೆಸಿಕೊಂಡ. ಸಿಬ್ಬಂದಿಯ ಜೊತೆ ಮಾತಾಡಬಾರದು ಎಂದು ಆ ಹುಡುಗಿ ನಮ್ಮನ್ನು ಮುಂದೆ ಸಾಗಿಸಿದಳು.

ಡೆಕ್ಕಿಗೆ ಬಂದಾಗ ದೊಡ್ಡಪ್ಪ ಕಾದು ಕುಳಿತಿದ್ದ. "ಏನಪಾ, ಏನು ನೋಡಿ ಬಂದ್ಲು ನಿಮ್ಮ ದೊಡ್ಡವ್ವ?"

"ಏನೂ ನೋಡಲಿಲ್ಲ ದೊಡ್ಡಪ್ಪಾ. ಅಡಗಿ ಮಾಡೋನಿಗೆ ಉಂಡೇನು ಅಂತ ಕೇಳಿ ಬಂದ್ಲು, ಅಷ್ಟ!"

ದೊಡ್ಡಪ್ಪ ಹೊಟ್ಟೆ ಹಿಡಿದು ನಕ್ಕ. "ಉಂಡೇನು ಅಂತ ಕೇಳಾಕ ಇಷ್ಟು ರೊಕ್ಕಾ!"

ದೊಡ್ಡವ್ವ ಬೂಟು ಬಿಚ್ಚುತ್ತಿದ್ದಳು. ತಲೆ ಎತ್ತದೆ ನನಗೆ ಹೇಳಿದಳು: "ಎಲ್ಲಿ ಹೋದ್ರೂ ಅದನ್ನ ಕೇಳಾಕ ಒಳಗ ಹೋಗ್ತೀನೋ ತಮ್ಮಾ. ಕೇಳದ ನನಗ ತುತ್ತು ಇಳಿಯೂದಿಲ್ಲ. ನಾ ಲಗ್ನ ಆಗಿ ಬಂದಾಗ ಮನಿ ತುಂಬ ಮಂದಿ. ಹೊಗಿಯಾಗ ಕುಂತು ರೊಟ್ಟಿ ಬಡೀತಿದ್ದೆ. ಪಡಸಾಲ್ಯಾಗ ಕುಂತವರು 'ಇನ್ನೊಂದು ತಾ, ಇನ್ನೊಂದು ತಾ' ಅಂತಿದ್ರು. ಒಬ್ಬರಾದ್ರೂ ಒಳಗ ಹಣಿಕಿ ಹಾಕಿ ನೀ ಉಂಡೇನು ಅಂತ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ."

ದೊಡ್ಡಪ್ಪನ ನಗು ಅರ್ಧಕ್ಕೇ ನಿಂತಿತು. ಎದ್ದು ಬರಿಗಾಲಲ್ಲೇ ಹೊರಟ. ಟಿಕೆಟ್ಟಿನ ದುಡ್ಡು ವಾಪಸ್ ಕೇಳಲು ಹೊರಟನೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮರಳಿ ಬಂದ, ಎರಡೂ ಕೈಯಲ್ಲಿ ಒಂದು ತಟ್ಟೆ ಹಿಡಿದುಕೊಂಡು. ಅನ್ನ, ಬೇಳೆ, ಅದರ ಮೇಲೆ ಮೊಸರು, ಅದರಲ್ಲಿ ಅವನ ಹೆಬ್ಬೆರಳು. ಯಾರಿಗೂ ತಟ್ಟೆ ತಂದುಕೊಟ್ಟು ಅಭ್ಯಾಸವಿಲ್ಲದ ಮನುಷ್ಯ!

"ನೀ... ಉಂಡೇನು?" ಎಂದ. ಬಳಸದ ಮಾತು, ನಾಲಿಗೆ ತಡವರಿಸಿತು.

ದೊಡ್ಡವ್ವ ಬೂಟು ಪಕ್ಕಕ್ಕೆ ಸರಿಸಿದಳು. ತಟ್ಟೆ ತೆಗೆದುಕೊಂಡಳು. "ಇಷ್ಟು ಮೊಸರು ಯಾರು ಹಾಕಿಸ್ಕೊಂಡು ಬರ್ರಿ ಅಂದ್ರು?" ಎಂದು ಗದರಿದಳು. ಕಣ್ಣು ಒರೆಸಿಕೊಳ್ಳುತ್ತ ಉಣ್ಣತೊಡಗಿದಳು. ದೊಡ್ಡಪ್ಪ ಕೂರಲಿಲ್ಲ. ಎದುರಿಗೆ ನಿಂತೇ ಇದ್ದ, "ಇನ್ನೊಂಚೂರು ತರ್ಲೇನು?" ಎಂದು ಕೇಳುತ್ತ.