ಯಾಪಾರದ ಹೊತ್ತಲ್ಲಿ ಮುಚ್ಚಬಾರದ ವಿಂಡೋ

ಪ್ರೋಗ್ರಾಂ ಬರೆಯುವವರನ್ನು ತಮಾಷೆಯ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಬರುವ ಹೊತ್ತಿಗೆ ಮಾತ್ರ ಅಳು ಬರುವ ಹಾಗಿರುತ್ತವೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಚಾಮರಾಜನಗರದಲ್ಲಿ ನಮ್ಮದು ಒಂದೇ ಕೋಣೆಯ ಆಫೀಸು. ಇದ್ದದ್ದು ಬಾಸು, ನಾನು, ಆಗಾಗ ಕರೆಂಟು. ಗುಂಡ್ಲುಪೇಟೆಯ ಒಬ್ಬ ತರಕಾರಿ ಮಂಡಿ ಯಜಮಾನರಿಗೆ ಹರಾಜಿನ ರೇಟು ತೋರಿಸುವ ಪ್ರೋಗ್ರಾಂ ಕೊಟ್ಟಿದ್ದೆವು. ನಾವು ಜಾವಾದಲ್ಲಿ ಬರೆದರೆ ಸಾಕು, ಬ್ರೌಸರಿಗೆ ಬೇಕಾದ ಜಾವಾಸ್ಕ್ರಿಪ್ಟಿಗೆ ಅದನ್ನು ತಿರುಗಿಸಿಕೊಡುವ ಸಾಧನ ಆಗತಾನೆ ಬಂದಿತ್ತು. "ಜಾವಾ ಅಲ್ವಾ ಸಾರ್, ಬೇಡದ್ದನ್ನ ತಾನೇ ಗುಡಿಸಿ ಹಾಕುತ್ತೆ" ಅಂತ ಜಂಬ ಕೊಚ್ಚಿದ್ದೆ. ಎಲ್ಲಿ ಗುಡಿಸೋದು! ಮಧ್ಯಾಹ್ನದೊಳಗೆ ಮೆಮೊರಿ ತುಂಬಿ ಪರದೆ ಎಮ್ಮೆ ಹಾಗೆ ನಿಂತುಬಿಡುತ್ತಿತ್ತು.

ಬಾಸು ಮೆತ್ತಗೆ ಹೇಳಿದರು: "ಇರೋ ಗಿರಾಕಿ ಇವರೊಬ್ಬರೇ ಕಣಮ್ಮ. ಇವರೂ ಬೇಡ ಅಂದರೆ ಆಫೀಸಿಗೆ ಬೀಗ ಹಾಕೋದೇ."

೧. ಬುಡ್ತು ಅನ್ನು

ಆಗಿನ ಬ್ರೌಸರು ತುಂಬಿದ ಮೆಮೊರಿಯನ್ನು ಬಿಟ್ಟುಕೊಡುತ್ತಿದ್ದದ್ದು ವಿಂಡೋ ಮುಚ್ಚಿದಾಗ ಮಾತ್ರ. ಸರಿ, ಯಜಮಾನರಿಗೆ ಫೋನ್ ಮಾಡಿದೆ.

"ಸಾರ್, ನಿಂತುಹೋದಾಗ ಒಂದ್ಸಲ ಮುಚ್ಚಿ, ತಿರುಗಿ ತೆಗೀರಿ."

"ಥೂ! ಯಾಪಾರದ ಹೊತ್ನಲ್ಲಿ ಮುಚ್ಚು ಅಂತೀಯಲ್ಲಮ್ಮಿ! ಬುಡ್ತು ಅನ್ನು!"

"ಬಿಡ್ತು ಸಾರ್."

"ಇನ್ನೊಂದ್ಸಲ ಅನ್ನು."

ಇನ್ನೊಂದು ಸಲ ಅಂದೆ. ಫೋನ್ ಇಟ್ಟರು.

೨. ಪಕ್ಕಕ್ಕಿಟ್ಟದ್ದು

ಮಾರನೆಯ ದಿನ ಪರದೆ ಇನ್ನೂ ಬೇಗ ನಿಂತಿತು. ಬಸ್ಸು ಹತ್ತಿ ನಾನೇ ಹೋದೆ. ನೋಡಿದರೆ ಪರದೆಯ ಕೆಳಗೆ ವಿಂಡೋಗಳ ಸಾಲು, ಸಂತೆಗೆ ಬಂದ ಗಾಡಿಗಳ ಹಾಗೆ. ಮಂಡಿಯ ಗುಮಾಸ್ತ ವಿನಯವಾಗಿ ಎದ್ದು ನಿಂತ.

"ಯಜಮಾನ್ರು ಮುಚ್ಬ್ಯಾಡ ಅಂದ್ರು. ಅದ್ಕೆ ನಿಂತೋದುದ್ದನ್ನೆಲ್ಲ ಪಕ್ಕಕ್ಕೆ ಮಡಗ್ಬುಟ್ಟು ಹೊಸದು ತಗೀತಾ ಇವ್ನಿ ಕಣಕ್ಕ."

"ಹಳೇದೆಲ್ಲ ಯಾಕಪ್ಪ?"

"ಸುಧಾರಿಸ್ಕಳ್ಳಿ ಅಂತ."

೩. ನೀ ಓಗು, ನೀ ಓಗು

ತಪ್ಪು ಸಿಕ್ಕಿತು. ಹರಾಜಿಗೆ ಒಂದೊಂದು ಲಾಟು ಟೊಮೆಟೊ ಬಂದಾಗಲೂ ರೇಟಿನ ಪೆಟ್ಟಿಗೆಯೊಂದು ಪರದೆ ಮೇಲೆ ಬಂದು ಹೋಗುತ್ತಿತ್ತು. ಆ ಸಾಧನ ತಾನೇ ಮಾಡಿದ ಪೆಟ್ಟಿಗೆಗಳನ್ನು ತೆಗೆಯುವಾಗ ಕಟ್ಟು ಬಿಚ್ಚಿಯೇ ಕಳಿಸುತ್ತಿತ್ತು. ಆದರೆ ರೇಟು ಏರಿದರೆ ಪೆಟ್ಟಿಗೆ ಕೆಂಪಗೆ ಮಿಣುಕಬೇಕು ಅಂತ ಯಜಮಾನರ ಆಸೆ. ಅದಕ್ಕೆ ನಾನು ಕೈಯಾರೆ ನಾಲ್ಕು ಸಾಲು ಜಾವಾಸ್ಕ್ರಿಪ್ಟು ಸೇರಿಸಿದ್ದೆ. ಪೆಟ್ಟಿಗೆ ಆ ಸಾಲುಗಳನ್ನು ಹಿಡಿದುಕೊಂಡಿತ್ತು, ಆ ಸಾಲುಗಳು ಪೆಟ್ಟಿಗೆಯನ್ನು. ಪರದೆಯಿಂದ ಹೋದ ಮೇಲೂ ಎರಡೂ ಕೈ ಬಿಡದೆ ಮೆಮೊರಿಯಲ್ಲೇ ಕೂತಿರುತ್ತಿದ್ದವು.

ಗುಮಾಸ್ತನಿಗೆ ಬಿಡಿಸಿ ಹೇಳಿದೆ. ಅವನ ಮುಖ ಅರಳಿತು.

"ಗೊತ್ತಾಯ್ತು ಬುಡಕ್ಕ. ನಮ್ಮತ್ತೆ ಭೀಮನಬೀಡಿಗೆ ಹೊರಟ ಹಂಗೆ. ಬಾಗಿಲಲ್ಲಿ ನಮ್ಮವ್ವ 'ನೀ ಓಗು' ಅಂತದ, ಅತ್ತೆ 'ನೀ ಒಳಕ್ಕೋಗು' ಅಂತದ. ಮೂರು ಬಸ್ಸು ಹೋದ್ರೂ ಇಬ್ರೂ ಅಲ್ಲೇ ಇರ್ತವೆ."

ಪೆಟ್ಟಿಗೆ ಹೊರಡುವ ಮುಂಚೆಯೇ ಕೈ ಬಿಡಿಸುವ ಒಂದು ಸಾಲು ಬರೆದೆ. ಅತ್ತೆಗೆ ಮಾತ್ರ ಇವತ್ತಿಗೂ ಪರಿಹಾರ ಸಿಕ್ಕಿಲ್ಲವಂತೆ.

೪. ಟೀ

ಕೊನೆಯ ಪರೀಕ್ಷೆಗೆ ಬಾಸೂ ಬಂದರು. ಬೆಳಗಿಂದ ಸಂಜೆವರೆಗೆ ಪರದೆ ನಿಲ್ಲದಿದ್ದರೆ ಮಂಡಿ ನಮ್ಮದು, ನಿಂತರೆ ಮನೆಗೆ. ಕೇರಳದ ವ್ಯಾಪಾರಸ್ಥರು ಹರಾಜು ಕೂಗಿದರು, ಲಾಟಿನ ಮೇಲೆ ಲಾಟು ಹೋಯಿತು, ಮೆಮೊರಿ ಅಲುಗಲಿಲ್ಲ. ನನಗೋ ಎದ್ದು ಕುಣಿಯುವಷ್ಟು ಖುಷಿ. ಆದರೆ ಯಜಮಾನರು ಕುರ್ಚಿ ಬಿಟ್ಟು ಏಳಲಿಲ್ಲ, ಮುಖ ಗಂಟು. ಸಂಜೆ ಬಾಸು ಕೈ ಮುಗಿದರು.

"ಏನಾದ್ರೂ ತಪ್ಪಾಯ್ತಾ ಸಾರ್?"

"ಬೆಳಗಿಂದ ಒಂದು ಟೀ ಕುಡ್ದಿಲ್ಲ ಕಣಪ್ಪ! ದಿನದಂಗೆ ನಿಂತ್ಮೇಲೆ ಕುಡಿಯನ ಅಂತ ಕಾಯ್ತಾ ಕುಂತಿವ್ನಿ. ಹಾಳಾದ್ದು ನಿಲ್ಲಲೇ ಇಲ್ಲ!"

ಯಜಮಾನರು ನನ್ನ ಕಡೆ ತಿರುಗಿದರು.

"ಪ್ರೋಗ್ರಾಂ ಇರ್ಲಿ. ಆದ್ರೆ ಟೀ ಹೊತ್ಗೆ ನಿಲ್ಲಂಗೆ ಒಂದು ಗುಂಡಿ ಮಡಗ್ಬುಡಮ್ಮಿ."

ಅಲ್ಲೇ ಕೂತು ಮಾಡಿಕೊಟ್ಟೆ. ಗುಂಡಿಯ ಮೇಲೆ 'ಟೀ' ಅಂತ ಬರೆದೆ. ಯಜಮಾನರು ನಗುನಗುತ್ತಾ ಒತ್ತಿ ಹೋಟೆಲಿಗೆ ಹೊರಟರು. ಅದು ಮಾಡುತ್ತಿದ್ದದ್ದು ಒಂದೇ ಕೆಲಸ: ವಿಂಡೋ ಮುಚ್ಚಿ, ತಿರುಗಿ ತೆಗೆಯುವುದು.